ಆಪರೇಷನ್ ಆದ್ಮೇಲಿನ ನೋವಿಗೆ ಸಂಗೀತ: ಹೇಗೆ ಕೆಲ್ಸ ಮಾಡುತ್ತೆ, ಎಷ್ಟು ಮಾಡುತ್ತೆ

ಆಪರೇಷನ್ ಆದ್ಮೇಲೆ ಸಿಸ್ಟರ್ ಬಂದು ತಪ್ಪದೆ ಕೇಳೋ ಪ್ರಶ್ನೆ ಒಂದಿದೆ, ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವು ಎಷ್ಟು ಹೇಳಿ ಅಂತ. ಸೊನ್ನೆ ಅಂದ್ರೆ ನೋವೇ ಇಲ್ಲ, ಹತ್ತು ಅಂದ್ರೆ ಇದಕ್ಕಿಂತ ಜಾಸ್ತಿ ಊಹಿಸ್ಕೊಳ್ಳೋಕೂ ಆಗಲ್ಲ. ಈಗ ನೋಡಿ, ಒಂದೇ ಥರದ ಆಪರೇಷನ್, ಹೆಚ್ಚುಕಮ್ಮಿ ಒಂದೇ ಅಳತೆಯ ಗಾಯ, ಕೊಟ್ಟಿರೋ ಔಷಧಿನೂ ಒಂದೇ, ಆದ್ರೂ ಒಬ್ರು ನಾಲ್ಕು ಅಂತಾರೆ, ಪಕ್ಕದ ಬೆಡ್‌ನವ್ರು ಎಂಟು ಅಂತಾರೆ. ಯಾರೂ ನಾಟಕ ಆಡ್ತಿಲ್ಲ, ಇಬ್ರೂ ಹೇಳ್ತಿರೋದು ನಿಜಾನೇ. ಗಾಯ ಎಷ್ಟು ದೊಡ್ಡದು ಅನ್ನೋದಕ್ಕೂ ನೋವು ಎಷ್ಟು ಅನ್ನೋದಕ್ಕೂ ನೇರ ಲೆಕ್ಕ ಇಲ್ಲ, ಯಾಕಂದ್ರೆ ನೋವು ಪೂರ್ತಿಯಾಗಿ ತಯಾರಾಗೋದು ಗಾಯದಲ್ಲಲ್ಲ, ಮಿದುಳಲ್ಲಿ. ಇದೊಂದು ವಿಷಯ ಸರಿಯಾಗಿ ತಲೆಗೆ ಹೋದ್ರೆ ಸಂಗೀತದಿಂದ ನೋವು ಕಮ್ಮಿ ಆಗುತ್ತೆ ಅನ್ನೋದು ಪವಾಡದ ಥರನೂ ಕಾಣಲ್ಲ, ಸುಮ್ನೆ ಸಮಾಧಾನಕ್ಕೆ ಹೇಳೋ ಮಾತಿನ ಥರನೂ ಕಾಣಲ್ಲ.

ಮೊದ್ಲು ಗಾಯದಿಂದಾನೇ ಶುರು ಮಾಡೋಣ. ಚರ್ಮ, ಸ್ನಾಯು ಕತ್ತರಿಸಿದಾಗ ಅಲ್ಲಿನ ಜೀವಕೋಶಗಳು ಒಡೆದು ಪ್ರೊಸ್ಟಗ್ಲಾಂಡಿನ್ ಥರದ ರಾಸಾಯನಿಕಗಳು ಬಿಡುಗಡೆ ಆಗ್ತವೆ, ಇವು ಸುತ್ತಮುತ್ತಲ ನರದ ತುದಿಗಳನ್ನ ಕೆರಳಿಸಿ ಸೂಕ್ಷ್ಮ ಮಾಡಿಬಿಡ್ತವೆ. ಅದಕ್ಕೇ ಆಪರೇಷನ್ ಆದ ಜಾಗದಲ್ಲಿ ಬಟ್ಟೆ ತಾಗಿದ್ರೂ ಉರಿಯೋದು. ಅಲ್ಲಿಂದ ಸುದ್ದಿ ಎರಡು ಥರದ ನರದ ಎಳೆಗಳಲ್ಲಿ ಹೊರಡುತ್ತೆ, ಎ-ಡೆಲ್ಟಾ ಅನ್ನೋವು ಬೇಗ ಓಡ್ತವೆ, ಚುಚ್ಚಿದಂಥ ಚುರುಕು ನೋವು ಇವುಗಳದ್ದು. ಸಿ ಅನ್ನೋವು ನಿಧಾನ, ಆಮೇಲೆ ಗಂಟೆಗಟ್ಲೆ ಉಳಿಯೋ ಮಂದ ನೋವು, ಉರಿ ಇವುಗಳದ್ದು. ಎರಡೂ ಬೆನ್ನುಹುರಿ ತಲುಪಿ ಅಲ್ಲಿಂದ ಬೇರೆ ನರಗಳಿಗೆ ಸುದ್ದಿ ದಾಟಿಸಿ ಮೇಲೆ ಮಿದುಳಿಗೆ ಹೋಗ್ತವೆ. ಮಿದುಳಲ್ಲಿ ಒಂದೇ ಒಂದು 'ನೋವಿನ ಕೇಂದ್ರ' ಅಂತ ಏನಿಲ್ಲ. ಎಲ್ಲಿ ನೋಯ್ತಿದೆ, ಎಷ್ಟು ಜೋರು ಅಂತ ಗುರುತಿಸೋ ಭಾಗ ಒಂದಾದ್ರೆ, ಅಯ್ಯೋ ಇದು ತಡ್ಕೊಳ್ಳೋಕಾಗ್ತಿಲ್ಲ ಅನ್ನೋ ಸಂಕಟ ಹುಟ್ಟಿಸೋ ಭಾಗಗಳು ಬೇರೆ. ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆನ ಪರಿಷ್ಕರಿಸಿದಾಗ್ಲೂ ನೋವು ಅನ್ನೋದು ದೇಹಕ್ಕೂ ಭಾವನೆಗೂ ಸೇರಿದ ಅನುಭವ ಅನ್ನೋ ಮಾತನ್ನ ಹಾಗೇ ಇಟ್ಕೊಂಡಿದೆ.

ಇಲ್ಲಿ ಇನ್ನೊಂದು ಸ್ವಾರಸ್ಯ ಇದೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಅನ್ನೋ ಇಬ್ರು ವಿಜ್ಞಾನಿಗಳು ಒಂದು ಸಿದ್ಧಾಂತ ಮುಂದಿಟ್ರು, ಗೇಟ್ ಕಂಟ್ರೋಲ್ ಅಂತಾರೆ ಅದಕ್ಕೆ. ಬೆನ್ನುಹುರಿಯಲ್ಲಿ ನೋವಿನ ಸುದ್ದಿ ದಾಟೋ ಜಾಗದಲ್ಲಿ ಒಂದು ಗೇಟ್ ಇದ್ದ ಹಾಗೆ, ಅದು ಎಷ್ಟು ತೆರೀಬೇಕು ಅನ್ನೋದನ್ನ ಗಾಯ ಒಂದೇ ತೀರ್ಮಾನ ಮಾಡಲ್ಲ, ಮೇಲಿಂದ ಮಿದುಳೂ ಕೆಳಗೆ ಆರ್ಡರ್ ಕಳಿಸುತ್ತೆ ಅನ್ನೋದು ಅದರ ತಿರುಳು. ಮೊಣಕೈ ಎಲ್ಲಾದ್ರೂ ತಗುಲಿದ್ರೆ ತಕ್ಷಣ ಕೈಯಿಂದ ಉಜ್ಕೋತೀವಲ್ಲ, ಆಗ ಸ್ವಲ್ಪ ಹಾಯ್ ಅನ್ಸೋದಕ್ಕೂ ಈ ಗೇಟೇ ಕಾರಣ. ಸಿದ್ಧಾಂತದ ಸಣ್ಣಪುಟ್ಟ ವಿವರಗಳು ಆಮೇಲೆ ಬದಲಾದವು, ಆದ್ರೆ ಮಿದುಳು ಕೆಳಗೆ ಸಂದೇಶ ಕಳಿಸಿ ನೋವನ್ನ ಏರಿಸಬಹುದು, ಇಳಿಸಬಹುದು ಅನ್ನೋ ಮುಖ್ಯ ಮಾತು ಗಟ್ಟಿಯಾಗಿ ನಿಂತಿದೆ. ಹಾಗೆ ಇಳಿಸೋಕೆ ಮಿದುಳು ಬಳಸೋ ವಸ್ತುಗಳಲ್ಲಿ ಎಂಡಾರ್ಫಿನ್‌ಗಳೂ ಸೇರಿವೆ, ಅಂದ್ರೆ ಮಾರ್ಫಿನ್ ಹೋಗಿ ಕೂರೋ ಜಾಗದಲ್ಲೇ ಕೂರೋ ನಮ್ಮದೇ ದೇಹದ ಔಷಧಿ. ಏರಿಸೋದು ಯಾವುದು? ಭಯ, ನಿದ್ದೆಗೇಡು, ಒಂಟಿತನ, ಮುಂದೇನಾಗುತ್ತೋ ಅನ್ನೋ ಚಿಂತೆ, ಬೇರೇನೂ ಕೆಲ್ಸ ಇಲ್ದೆ ಇಡೀ ದಿನ ಗಾಯದ ಕಡೆನೇ ಗಮನ. ಆಪರೇಷನ್ ಆದ್ಮೇಲೆ ವಾರ್ಡಲ್ಲಿ ಮಲಗಿರೋರಿಗೆ ಇವೆಲ್ಲಾ ಒಟ್ಟಿಗೇ ಇರುತ್ವೆ ಅನ್ನೋದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಔಷಧಿಗಳು ಈ ದಾರಿಯ ಒಂದೊಂದು ಜಾಗದಲ್ಲಿ ಕೆಲ್ಸ ಮಾಡ್ತವೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದವು ಗಾಯದ ಹತ್ರ ಪ್ರೊಸ್ಟಗ್ಲಾಂಡಿನ್ ಹುಟ್ಟೋದನ್ನೇ ಕಮ್ಮಿ ಮಾಡ್ತವೆ, ಮರಗಟ್ಟಿಸೋ ಇಂಜೆಕ್ಷನ್ ನರದಲ್ಲಿ ಸುದ್ದಿ ಓಡೋದನ್ನೇ ತಡೆಯುತ್ತೆ, ಮಾರ್ಫಿನ್, ಫೆಂಟನಿಲ್, ಟ್ರಾಮಡಾಲ್ ಥರದ ಓಪಿಯಾಯ್ಡ್‌ಗಳು ಬೆನ್ನುಹುರಿ ಮತ್ತು ಮಿದುಳಲ್ಲಿ ಕೆಲ್ಸ ಮಾಡ್ತವೆ. ಇವು ಬೇಕೇ ಬೇಕು, ಇದರಲ್ಲಿ ಎರಡು ಮಾತಿಲ್ಲ. ನೋವಿದ್ರೆ ಜನ ಉಸಿರನ್ನ ಮೇಲ್ಮೇಲೆ ಎಳ್ಕೋತಾರೆ, ಕೆಮ್ಮೋಕೆ ಹೆದರ್ತಾರೆ, ಕಫ ಒಳಗೇ ನಿಂತು ನ್ಯುಮೋನಿಯಾ ಆಗಬಹುದು. ಎದ್ದು ಓಡಾಡದೆ ಇದ್ರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಹಾಗಾಗಿ ನೋವು ತಡ್ಕೊಂಡು ಸುಮ್ನೆ ಮಲಗೋದು ಶೂರತನ ಅಲ್ಲ, ಅದ್ರಿಂದ ಗುಣ ಆಗೋದೇ ತಡ ಆಗುತ್ತೆ. ಆದ್ರೆ ಓಪಿಯಾಯ್ಡ್ ಡೋಸ್ ಏರಿಸ್ತಾ ಹೋದ್ರೆ ಹೊಟ್ಟೆ ತೊಳಸೋದು, ವಾಂತಿ, ಮಲಬದ್ಧತೆ, ಮಂಪರು, ಮೈ ತುರಿಕೆ, ಇನ್ನೂ ಜಾಸ್ತಿ ಆದ್ರೆ ಉಸಿರಾಟಾನೇ ನಿಧಾನ ಆಗೋ ಅಪಾಯ. ಅದಕ್ಕೇ ಈಗ ಡಾಕ್ಟರ್‌ಗಳು ಒಂದೇ ಔಷಧಿನ ಸುರಿಯೋ ಬದ್ಲು ಬೇರೆ ಬೇರೆ ಜಾಗದಲ್ಲಿ ಕೆಲ್ಸ ಮಾಡೋವನ್ನ ಸ್ವಲ್ಪ ಸ್ವಲ್ಪ ಸೇರಿಸಿ ಕೊಡ್ತಾರೆ. ಸಂಗೀತನೂ ಈ ಸಾಲಿಗೇ ಸೇರ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಯಾಕಂದ್ರೆ ಮಾತ್ರೆ ಸರಿಯಾಗಿ ಮುಟ್ಟದ ಭಯ, ಗಮನ, ಒಂಟಿತನದ ಭಾಗಕ್ಕೇ ಅದು ಕೈ ಹಾಕುತ್ತೆ.

ಹೇಗೆ ಅಂತ ಕೇಳಿದ್ರೆ ದಾರಿ ಒಂದೇ ಅಲ್ಲ. ಗಮನ ಅನ್ನೋದಕ್ಕೆ ಒಂದು ಮಿತಿ ಇದೆ, ಒಂದು ಹಾಡಿನ ಸಾಲು, ಅದರ ಮುಂದಿನ ತಿರುವು, ತಾಳ, ಇವುಗಳ ಹಿಂದೆ ಮಿದುಳು ಹೋದಷ್ಟೂ ನೋವಿನ ಸುದ್ದಿಗೆ ಉಳಿಯೋ ಜಾಗ ಕಮ್ಮಿ ಆಗುತ್ತೆ. ಇದು ಎಲ್ರಿಗೂ ಗೊತ್ತಿರೋದೇ. ಅಷ್ಟೇ ಆಗಿದ್ರೆ ಯಾವುದೋ ಟಿವಿ ಕಾರ್ಯಕ್ರಮಾನೂ ಸಾಕಾಗ್ತಿತ್ತು, ಆದ್ರೆ ಸಂಗೀತ ಇನ್ನೂ ಒಳಗೆ ಹೋಗುತ್ತೆ. ನಿಧಾನಗತಿಯ ಸಂಗೀತಕ್ಕೆ ಉಸಿರು ತಾನಾಗೇ ನಿಧಾನ ಆಗ್ತಾ ಬರುತ್ತೆ, ಉಸಿರು ನಿಧಾನ ಆದ್ರೆ ಎದೆಬಡಿತ ಇಳಿಯುತ್ತೆ, ಬಿಗಿ ಹಿಡಿದಿರೋ ಸ್ನಾಯು ಸಡಿಲ ಆಗುತ್ತೆ. ಹೊಟ್ಟೆ ಆಪರೇಷನ್ ಆದವ್ರು ಅರಿವಿಲ್ದೇನೇ ಹೊಟ್ಟೆ ಬಿಗಿ ಹಿಡ್ಕೊಂಡು ಮಲಗಿರ್ತಾರಲ್ಲ, ಆ ಬಿಗಿಯೇ ಹೊಲಿಗೆನ ಎಳೆದು ಇನ್ನಷ್ಟು ನೋವು ಕೊಡುತ್ತೆ, ಅದು ಸಡಿಲ ಆಗೋದೇ ಒಂದು ದೊಡ್ಡ ಉಪಕಾರ. ಆಮೇಲೆ ಖುಷಿಯ ದಾರಿ. 2011ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು ಜನರಿಗೆ ಅವರವರ ಇಷ್ಟದ ಸಂಗೀತ ಕೇಳಿಸಿ ಮಿದುಳಿನ ಸ್ಕ್ಯಾನ್ ಮಾಡಿದ್ರು, ಮೈ ಜುಂ ಅನ್ನೋ ಕ್ಷಣದಲ್ಲಿ ಮಾತ್ರ ಅಲ್ಲ, ಈಗ ಆ ಜಾಗ ಬರುತ್ತೆ ಅಂತ ಕಾಯ್ತಿರೋವಾಗ್ಲೂ ಡೋಪಮಿನ್ ಅನ್ನೋ, ಖುಷಿಗೆ ಸಂಬಂಧಪಟ್ಟ ಮಿದುಳಿನ ರಾಸಾಯನಿಕ ಬಿಡುಗಡೆ ಆಗ್ತಿತ್ತು. ಅದಕ್ಕಿಂತ ಎಷ್ಟೋ ಮೊದ್ಲೇ, 1980ರಲ್ಲಿ, ಅವ್ರಾಮ್ ಗೋಲ್ಡ್‌ಸ್ಟೀನ್ ಅನ್ನೋ ವಿಜ್ಞಾನಿ ಸಂಗೀತ ಕೇಳಿ ರೋಮಾಂಚನ ಆಗೋ ಕೆಲವ್ರಿಗೆ ನಲಾಕ್ಸೋನ್ ಕೊಟ್ಟು ನೋಡಿದ್ರು, ಇದು ಮಾರ್ಫಿನ್ ಪರಿಣಾಮಾನ ಅಳಿಸಿಹಾಕೋ ಔಷಧಿ, ಅದನ್ನ ಕೊಟ್ಟಾಗ ಕೆಲವ್ರಲ್ಲಿ ಆ ರೋಮಾಂಚನಾನೇ ಕಮ್ಮಿ ಆಯ್ತು. ಎಲ್ರಲ್ಲೂ ಅಲ್ಲ, ಚಿಕ್ಕ ಪ್ರಯೋಗ ಅದು, ಆದ್ರೆ ಸಂಗೀತದ ಖುಷಿಗೂ ದೇಹದ ಸ್ವಂತ ನೋವುನಿವಾರಕಕ್ಕೂ ಎಲ್ಲೋ ಒಂದು ಕೊಂಡಿ ಇರಬಹುದು ಅಂತ ಆಗ್ಲೇ ಸುಳಿವು ಸಿಕ್ತು.

ಆಪರೇಷನ್ ಥಿಯೇಟರ್‌ಗೆ ಸಂಗೀತ ಬಂದಿದ್ದು ಇತ್ತೀಚೆಗೇನಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಸರ್ಜನ್ ಇವಾನ್ ಕೇನ್ 1914ರಲ್ಲೇ ರೋಗಿಗಳ ಭಯ ಕಮ್ಮಿ ಮಾಡೋಕೆ ಥಿಯೇಟರ್ ಒಳಗೆ ಫೋನೋಗ್ರಾಫ್ ಇಟ್ಟಿದ್ದನ್ನ ಮೆಡಿಕಲ್ ಪತ್ರಿಕೆಯಲ್ಲಿ ಬರೆದಿದ್ರು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರ ಆಸ್ಪತ್ರೆಗಳಲ್ಲಿ ಸಂಗೀತಗಾರರು ಹೋಗಿ ನುಡಿಸಿದ ಅನುಭವದಿಂದ ಮ್ಯೂಸಿಕ್ ಥೆರಪಿ ಒಂದು ವೃತ್ತಿಯಾಗಿ ಬೆಳೀತು, ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ 1944ರಲ್ಲಿ ಅದಕ್ಕೇ ಅಂತ ಕೋರ್ಸ್ ಶುರುವಾಯ್ತು. ಆಮೇಲಿನ ದಶಕಗಳಲ್ಲಿ ನೂರಾರು ಪ್ರಯೋಗಗಳು ನಡೆದವು, ಹೆಚ್ಚಿನವು ಸಣ್ಣವು, ಅದಕ್ಕೇ ಎಲ್ಲಾ ಸೇರಿಸಿ ನೋಡೋ ವಿಮರ್ಶೆಗಳಿಗೆ ಬೆಲೆ ಜಾಸ್ತಿ. ವೈದ್ಯಕೀಯ ಪ್ರಯೋಗಗಳನ್ನ ಒಟ್ಟುಗೂಡಿಸಿ ಪರಿಶೀಲಿಸೋ ಕೊಕ್ರೇನ್ ಅನ್ನೋ ಸಂಸ್ಥೆಯ 2006ರ ವಿಮರ್ಶೆ 51 ಅಧ್ಯಯನಗಳನ್ನ ನೋಡಿ, ಸಂಗೀತ ಕೇಳಿದವ್ರ ನೋವು ಹತ್ತರ ಅಳತೆಯಲ್ಲಿ ಸರಾಸರಿ ಅರ್ಧ ಪಾಯಿಂಟ್ ಕಮ್ಮಿ ಇತ್ತು, ಆಪರೇಷನ್ ಆದ ಮೊದಲ 24 ಗಂಟೆಯಲ್ಲಿ ಬೇಕಾದ ಮಾರ್ಫಿನ್ ಸುಮಾರು ಶೇಕಡಾ 15ರಷ್ಟು ಕಮ್ಮಿ ಆಗಿತ್ತು ಅಂತ ಹೇಳ್ತು. ಪರಿಣಾಮ ಇದೆ, ಆದ್ರೆ ಸಣ್ಣದು ಅನ್ನೋದು ಅವರ ತೀರ್ಮಾನ. 2015ರಲ್ಲಿ ಲ್ಯಾನ್ಸೆಟ್ ಅನ್ನೋ ಮೆಡಿಕಲ್ ಪತ್ರಿಕೆಯಲ್ಲಿ ಬಂದ ವಿಮರ್ಶೆ ವಯಸ್ಕರ ಸರ್ಜರಿಗಳ ಮೇಲೇ ಗಮನ ಇಟ್ಟು 73 ಪ್ರಯೋಗಗಳು, ಸುಮಾರು 7000 ರೋಗಿಗಳನ್ನ ಸೇರಿಸಿ ನೋಡ್ತು, ಅದರಲ್ಲಿ ಪರಿಣಾಮ ಇನ್ನೂ ಚೆನ್ನಾಗಿ ಕಾಣಿಸ್ತು, ನೋವು ಕಮ್ಮಿ, ಆತಂಕ ಕಮ್ಮಿ, ನೋವಿನ ಔಷಧಿ ಕಮ್ಮಿ, ರೋಗಿಗಳಿಗೆ ತೃಪ್ತಿ ಜಾಸ್ತಿ. ಆಸ್ಪತ್ರೆಯಲ್ಲಿ ಇರೋ ದಿನಗಳು ಮಾತ್ರ ಕಮ್ಮಿ ಆಗ್ಲಿಲ್ಲ. ಈ ಕೊನೆ ಸಾಲನ್ನೂ ಹೇಳ್ಬೇಕು, ಯಾಕಂದ್ರೆ ಸಂಗೀತದಿಂದ ಗಾಯ ಬೇಗ ಮಾಯುತ್ತೆ, ಬೇಗ ಡಿಸ್ಚಾರ್ಜ್ ಆಗ್ತಾರೆ ಅಂತೆಲ್ಲಾ ಹಂಚೋ ಮೆಸೇಜ್‌ಗಳಿಗೆ ಈ ಅಧ್ಯಯನದಲ್ಲಿ ಆಧಾರ ಇಲ್ಲ.

ಒಂದು ಅನುಮಾನ ಯಾರಿಗಾದ್ರೂ ಬರ್ಬೇಕು. ಮಾತ್ರೆ ಪರೀಕ್ಷೆ ಮಾಡೋವಾಗ ಅರ್ಧ ಜನಕ್ಕೆ ಸಕ್ಕರೆ ಮಾತ್ರೆ ಕೊಟ್ಟು ಯಾರಿಗೆ ಯಾವುದು ಅಂತ ಗೊತ್ತಾಗದ ಹಾಗೆ ನೋಡ್ಕೋತಾರೆ, ಸಂಗೀತದಲ್ಲಿ ಅದು ಹೇಗೆ ಸಾಧ್ಯ, ಕಿವಿಗೆ ಹಾಡು ಬೀಳ್ತಿದೆಯೋ ಇಲ್ವೋ ಅಂತ ರೋಗಿಗೇ ಗೊತ್ತಲ್ವಾ, ಒಳ್ಳೇದಾಗುತ್ತೆ ಅಂತ ನಂಬಿ ಕಮ್ಮಿ ನಂಬರ್ ಹೇಳಿರಬಹುದಲ್ವಾ. ನ್ಯಾಯವಾದ ಅನುಮಾನ. ಅದಕ್ಕೆ ಕೆಲವ್ರು ಇನ್ನೊಂದು ಗುಂಪಿಗೆ ಹಾಡಿಲ್ಲದ ಖಾಲಿ ಹೆಡ್‌ಫೋನ್ ಹಾಕಿ ಹೋಲಿಸ್ತಾರೆ, ಅರ್ಧ ಸಮಸ್ಯೆ ಹೋಗುತ್ತೆ. ಇನ್ನೂ ಜಾಣತನದ ದಾರಿ ಅಂದ್ರೆ ಅರಿವಳಿಕೆಯಲ್ಲಿ ಪೂರ್ತಿ ಮಲಗಿರೋವಾಗ್ಲೇ ಕೇಳಿಸೋದು. 2020ರಲ್ಲಿ ಬಿಎಂಜೆ ಅನ್ನೋ ಬ್ರಿಟನ್ನಿನ ಮೆಡಿಕಲ್ ಪತ್ರಿಕೆಯಲ್ಲಿ ಬಂದ ಜರ್ಮನಿಯ ಅಧ್ಯಯನದಲ್ಲಿ ಐದು ಆಸ್ಪತ್ರೆಗಳ 385 ರೋಗಿಗಳಿಗೆ ಆಪರೇಷನ್ ಉದ್ದಕ್ಕೂ ಹೆಡ್‌ಫೋನ್ ಹಾಕಿದ್ರು, ಅರ್ಧದಷ್ಟು ಜನಕ್ಕೆ ಹಿನ್ನೆಲೆ ಸಂಗೀತದ ಜೊತೆ 'ನೀವು ಸುರಕ್ಷಿತವಾಗಿದ್ದೀರಿ, ಎಲ್ಲಾ ಸರಿಯಾಗಿ ನಡೀತಿದೆ' ಅನ್ನೋ ರೀತಿಯ ಧೈರ್ಯದ ಮಾತು, ಉಳಿದವ್ರಿಗೆ ಖಾಲಿ ಟೇಪ್. ಯಾರಿಗೆ ಏನು ಹಾಕಿದ್ರು ಅಂತ ರೋಗಿಗೂ ಗೊತ್ತಿಲ್ಲ, ಆಪರೇಷನ್ ಮಾಡೋರಿಗೂ ಗೊತ್ತಿಲ್ಲ. ಎಚ್ಚರ ಆದ್ಮೇಲೆ ಮೊದಲ 24 ಗಂಟೆಯಲ್ಲಿ ಸಂಗೀತ, ಮಾತು ಇದ್ದ ಟೇಪ್ ಹಾಕಿದ್ದ ಗುಂಪಿಗೆ ಬೇಕಾದ ಓಪಿಯಾಯ್ಡ್ ಸುಮಾರು ಮೂರನೇ ಒಂದು ಭಾಗ ಕಮ್ಮಿ, ನೋವಿನ ಅಂಕನೂ ಸುಮಾರು ಕಾಲು ಭಾಗ ಕಮ್ಮಿ. ಅಲ್ಲಿ ಮಾತು, ಸಂಗೀತ ಎರಡೂ ಸೇರಿದ್ದರಿಂದ ಸಂಗೀತದ ಪಾಲು ಎಷ್ಟು ಅಂತ ಬಿಡಿಸಿ ಹೇಳೋಕಾಗಲ್ಲ, ಆದ್ರೂ ನಂಬಿಕೆಯ ಪ್ರಶ್ನೆಯೇ ಏಳದ ಸ್ಥಿತಿಯಲ್ಲಿ ಕಿವಿಗೆ ಬಿದ್ದಿದ್ದು ನೋವಿನ ಮೇಲೆ ಕೆಲ್ಸ ಮಾಡ್ತು ಅನ್ನೋದೇ ನನಗೆ ಇವೆಲ್ಲಕ್ಕಿಂತ ದೊಡ್ಡ ವಿಷಯ ಅನ್ಸುತ್ತೆ.

ಇಲ್ಲಿವರೆಗೆ ಹೇಳಿದ್ರಲ್ಲಿ ಹೆಚ್ಚಿನದು ರೆಕಾರ್ಡ್ ಆದ ಸಂಗೀತ ಕೇಳೋದರ ಬಗ್ಗೆ. ಮ್ಯೂಸಿಕ್ ಥೆರಪಿ ಅನ್ನೋದು ಅದಕ್ಕಿಂತ ಬೇರೆ, ಅಲ್ಲಿ ತರಬೇತಿ ಪಡೆದ ಥೆರಪಿಸ್ಟ್ ಒಬ್ರು ಬೆಡ್ ಪಕ್ಕಕ್ಕೆ ಬರ್ತಾರೆ, ರೋಗಿಯ ಉಸಿರು, ಮುಖ, ಮಾತು ನೋಡ್ಕೊಂಡು ಗಿಟಾರೋ ಕೀಬೋರ್ಡೋ ಹಿಡಿದು ಅಲ್ಲೇ ನುಡಿಸ್ತಾರೆ. ಅವ್ರು ಬಳಸೋ ಒಂದು ಕ್ರಮ ನನಗೆ ತುಂಬಾ ಇಷ್ಟ. ನೋವಲ್ಲಿ ಚಡಪಡಿಸ್ತಾ ಬೇಗ ಬೇಗ ಉಸಿರಾಡ್ತಿರೋರಿಗೆ ನೇರವಾಗಿ ಜೋಗುಳದಂಥ ನಿಧಾನದ ಸಂಗೀತ ಹಾಕಿದ್ರೆ ಅದು ಅವ್ರಿಗೆ ಒಗ್ಗಲ್ಲ, ಕಿರಿಕಿರಿನೇ ಆಗುತ್ತೆ. ಅದಕ್ಕೆ ಥೆರಪಿಸ್ಟ್ ಮೊದ್ಲು ರೋಗಿ ಇರೋ ಗತಿಗೇ ಬಂದು ಸೇರ್ಕೋತಾರೆ, ಅವರ ಉಸಿರಿನ ವೇಗಕ್ಕೇ ತಾಳ ಹಾಕ್ತಾರೆ, ಒಂದೆರಡು ನಿಮಿಷ ಹಾಗೇ ಜೊತೆಗೆ ಹೋಗಿ ಆಮೇಲೆ ಗೊತ್ತೇ ಆಗದಷ್ಟು ಸ್ವಲ್ಪ ಸ್ವಲ್ಪ ವೇಗ ಇಳಿಸ್ತಾ ಬರ್ತಾರೆ, ರೋಗಿಯ ಉಸಿರು ಹಿಂದೆಯೇ ಇಳಿಯುತ್ತೆ. ಕೆಲವ್ರ ಜೊತೆ ಗುನುಗ್ತಾರೆ, ಉಸಿರು ಬಿಡೋವಾಗ ಒಂದೇ ಸ್ವರ ಎಳೆಯೋಕೆ ಹೇಳ್ತಾರೆ, ಕೈಗೆ ಸಣ್ಣ ಡ್ರಮ್ ಕೊಡ್ತಾರೆ. ನ್ಯೂಯಾರ್ಕಿನ ಮೌಂಟ್ ಸೈನಾಯ್ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ ಬೆನ್ನುಮೂಳೆ ಆಪರೇಷನ್ ಆದ 60 ರೋಗಿಗಳ ಮೇಲೆ ಇದನ್ನ ನೋಡಿದ್ದಾರೆ, ಫಲಿತಾಂಶ 2017ರಲ್ಲಿ ಪ್ರಕಟ ಆಯ್ತು. ಆಪರೇಷನ್ ಆದ 72 ಗಂಟೆಯೊಳಗೆ ಅರ್ಧ ಗಂಟೆಯ ಒಂದೇ ಒಂದು ಸೆಷನ್. ಥೆರಪಿ ಸಿಕ್ಕವ್ರ ನೋವು 6.20ರಿಂದ 5.09ಕ್ಕೆ ಇಳೀತು, ಮಾಮೂಲಿ ಚಿಕಿತ್ಸೆ ಮಾತ್ರ ಸಿಕ್ಕವ್ರದ್ದು 5.20ರಿಂದ 5.87ಕ್ಕೆ ಏರ್ತು. ಬೆನ್ನುಮೂಳೆ ಆಪರೇಷನ್ ನೋವು ಎಂಥದ್ದು ಅಂತ ಗೊತ್ತಿರೋರಿಗೆ ಈ ಒಂದು ಪಾಯಿಂಟಿನ ಬೆಲೆ ಗೊತ್ತಾಗುತ್ತೆ.

ಮಕ್ಕಳ ವಿಷಯಕ್ಕೆ ಬಂದ್ರೆ ಓಪಿಯಾಯ್ಡ್ ಕೊಡೋಕೆ ಡಾಕ್ಟರ್‌ಗಳು ಇನ್ನೂ ಜಾಸ್ತಿ ಯೋಚನೆ ಮಾಡ್ತಾರೆ, ಉಸಿರಾಟದ ಭಯ ಇರೋದ್ರಿಂದ. ಶಿಕಾಗೋದ ಲೂರಿ ಮಕ್ಕಳ ಆಸ್ಪತ್ರೆಯಲ್ಲಿ ದೊಡ್ಡ ಆಪರೇಷನ್ ಆದ 9ರಿಂದ 14 ವರ್ಷದ 60 ಮಕ್ಕಳಿಗೆ ಅರ್ಧ ಗಂಟೆ ಅವರೇ ಆರಿಸಿದ ಹಾಡು, ಇಲ್ಲಾಂದ್ರೆ ಅವರೇ ಆರಿಸಿದ ಆಡಿಯೋ ಕಥೆ, ಇಲ್ಲಾಂದ್ರೆ ಖಾಲಿ ಹೆಡ್‌ಫೋನ್ ಕೊಟ್ಟು ನೋಡಿದ್ರು, 2015ರಲ್ಲಿ ಬಂದ ವರದಿ. ಹಾಡಿಗೂ ಕಥೆಗೂ ನೋವು ಇಳೀತು, ಖಾಲಿ ಹೆಡ್‌ಫೋನ್‌ಗೆ ಇಳೀಲಿಲ್ಲ. ಹಾಡು ಇಷ್ಟ ಇಲ್ಲದ ಮಗುಗೆ ಕಥೆ ಹಾಕಬಹುದು ಅನ್ನೋದು ಅಪ್ಪ ಅಮ್ಮಂದಿರಿಗೆ ಉಪಯೋಗಕ್ಕೆ ಬರೋ ಮಾತು.

ಎಲ್ರೂ ಕೇಳೋ ಪ್ರಶ್ನೆ, ಹಾಗಾದ್ರೆ ಯಾವ ಸಂಗೀತ? ಈ ರಾಗ ಈ ಕಾಯಿಲೆಗೆ, ಇಷ್ಟು ಹರ್ಟ್ಜ್ ಶಬ್ದ ಈ ಅಂಗಕ್ಕೆ ಅನ್ನೋ ಪಟ್ಟಿಗಳು ಫೋನಲ್ಲಿ ಓಡಾಡ್ತಾನೇ ಇರುತ್ವೆ, ಆಪರೇಷನ್ ನೋವಿನ ವಿಷಯದಲ್ಲಿ ಅಂಥ ಪಟ್ಟಿಗೆ ತಲೆ ಕೆಡಿಸ್ಕೋಬೇಡಿ. ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸಿರೋದು ನಿಮಿಷಕ್ಕೆ 60ರಿಂದ 80 ಬಡಿತದ ನಿಧಾನಗತಿ, ಅಂದ್ರೆ ಆರಾಮಾಗಿ ಕೂತಾಗಿನ ಎದೆಬಡಿತದ ಹತ್ರಹತ್ರ, ಥಟ್ಟಂತ ಜೋರಾಗದ, ಹೆಚ್ಚು ಮಾತಿಲ್ಲದ ವಾದ್ಯಸಂಗೀತ. ಏನೂ ತೋಚದೆ ಇದ್ರೆ ಅಲ್ಲಿಂದ ಶುರು ಮಾಡಿ. ಆದ್ರೆ ಲ್ಯಾನ್ಸೆಟ್ ವಿಮರ್ಶೆಯಲ್ಲಿ ಯಾವ ಸಂಗೀತ ಅನ್ನೋದರಿಂದ ಫಲಿತಾಂಶಕ್ಕೆ ದೊಡ್ಡ ವ್ಯತ್ಯಾಸ ಆಗ್ಲಿಲ್ಲ, ಇನ್ನೊಂದು ಕಡೆ ಆರೋಗ್ಯವಂತರಿಗೆ ಬಿಸಿ ತಾಗಿಸಿ ನೋವು ಅಳೆದ ಪ್ರಯೋಗಗಳಲ್ಲಿ ಅವರವರ ಮೆಚ್ಚಿನ ಹಾಡೇ ಜಾಸ್ತಿ ನೋವು ಇಳಿಸಿದೆ. ಹಾಗಾಗಿ ನನ್ನ ಪ್ರಕಾರ ಆಯ್ಕೆ ರೋಗಿದೇ ಇರ್ಬೇಕು. ಮನೆಯವ್ರು ಪ್ರೀತಿಯಿಂದಾನೇ ತಮಗೆ ಒಳ್ಳೇದು ಅನ್ಸಿದ್ದನ್ನ ಹಾಕ್ಬಿಡ್ತಾರೆ, ಹಾಸಿಗೆಯಲ್ಲಿ ಮಲಗಿರೋರಿಗೆ ಬೇಡ ಅನ್ನೋ ಶಕ್ತಿನೂ ಇರಲ್ಲ, ಅದು ಔಷಧಿ ಆಗಲ್ಲ, ಹಿಂಸೆ ಆಗುತ್ತೆ. ಊಟ, ಇಂಜೆಕ್ಷನ್, ಬಟ್ಟೆ ಎಲ್ಲಾ ಬೇರೆಯವ್ರು ತೀರ್ಮಾನ ಮಾಡ್ತಿರೋ ಹೊತ್ತಲ್ಲಿ ಒಂದು ಹಾಡನ್ನ ತಾನೇ ಆರಿಸೋದು, ಬೇಡ ಅನ್ಸಿದಾಗ ತಾನೇ ನಿಲ್ಲಿಸೋದು, ಈ ಹಿಡಿತ ವಾಪಸ್ ಸಿಗೋದರಿಂದಾನೇ ನೋವಿನ ಸಂಕಟ ಸ್ವಲ್ಪ ಇಳಿಯುತ್ತೆ.

ಮಾಡೋ ವಿಧಾನದಲ್ಲಿ ಒಂದೆರಡು ವಿಷಯ ಮುಖ್ಯ. ನೋವು ತಾರಕಕ್ಕೆ ಹೋದ್ಮೇಲೆ ಹಾಡು ಹಾಕಿದ್ರೆ ಅದನ್ನ ಕೇಳಿಸ್ಕೊಳ್ಳೋ ಸ್ಥಿತಿನೇ ಇರಲ್ಲ, ಅದಕ್ಕೆ ನೋವಿನ ಮಾತ್ರೆ ತಗೊಂಡ ಕೂಡ್ಲೇ ಶುರು ಮಾಡಿದ್ರೆ ಒಳ್ಳೇದು, ಮಾತ್ರೆ ಕೆಲ್ಸ ಶುರು ಮಾಡೋಕೆ ತಗೊಳ್ಳೋ ಆ ಅರ್ಧ ಮುಕ್ಕಾಲು ಗಂಟೆನ ಹಾಡು ದಾಟಿಸುತ್ತೆ. ಡ್ರೆಸ್ಸಿಂಗ್ ಬದಲಾಯಿಸೋಕೆ ಮುಂಚೆ, ಮೊದಲ ಸಲ ಎದ್ದು ಕೂರಿಸೋಕೆ ಮುಂಚೆ, ರಾತ್ರಿ ದೀಪ ಆರಿಸಿದ ಮೇಲೆ, ಇವು ಇನ್ನು ಕೆಲವು ಹೊತ್ತು. ಒಂದು ಸಲಕ್ಕೆ 20ರಿಂದ 30 ನಿಮಿಷ ಸಾಕು, ಇಡೀ ದಿನ ಹಾಡು ಓಡ್ತಾ ಇದ್ರೆ ಅದೂ ಗದ್ದಲಕ್ಕೇ ಸೇರಿಹೋಗುತ್ತೆ. ಸೌಂಡ್ ಮಾಮೂಲಿ ಮಾತಾಡೋ ಧ್ವನಿಗಿಂತ ಜಾಸ್ತಿ ಬೇಡ. ವಾರ್ಡಲ್ಲಿ ಮೆಷೀನುಗಳ ಬೀಪ್, ಟ್ರಾಲಿ ಸದ್ದು, ಪಕ್ಕದವ್ರ ನರಳಾಟ ಇದ್ದೇ ಇರುತ್ತೆ, ಹೆಡ್‌ಫೋನ್ ಇವನ್ನ ಮರೆಮಾಡೋದೂ ಒಂದು ಲಾಭಾನೇ, ಆದ್ರೆ ಸಿಸ್ಟರ್ ಕರೆದ್ರೆ ಕೇಳಿಸೋ ಹಾಗಿರ್ಲಿ. ವೈರ್ ಇರೋ ಹೆಡ್‌ಫೋನ್ ಆದ್ರೆ ಡ್ರಿಪ್ ಪೈಪಿಗೆ ಸಿಕ್ಕಿಹಾಕ್ಕೊಳ್ಳದ ಹಾಗೆ ನೋಡ್ಕೊಳ್ಳಿ, ಏಳೋ ಮುಂಚೆ ತೆಗೆದಿಡಿ.

ಕೆಲವು ಕಡೆ ಹುಷಾರಾಗಿರ್ಬೇಕು. ಕಿವಿ ಅಥವಾ ತಲೆಯ ಆಪರೇಷನ್ ಆದವ್ರಿಗೆ, ಎಚ್ಚರ ತಪ್ಪಿ ತಪ್ಪಿ ಗೊಂದಲದಲ್ಲಿ ಮಾತಾಡ್ತಿರೋ ವಯಸ್ಸಾದವ್ರಿಗೆ ಡಾಕ್ಟರನ್ನ ಕೇಳದೆ ಹೆಡ್‌ಫೋನ್ ಹಾಕ್ಬೇಡಿ. ಬಹಳ ಅಪರೂಪಕ್ಕೆ ಕೆಲವ್ರಿಗೆ ಸಂಗೀತದಿಂದಾನೇ ಫಿಟ್ಸ್ ಬರೋದುಂಟು, ಅಂಥ ಇತಿಹಾಸ ಇದ್ರೆ ಬೇಡವೇ ಬೇಡ. ತೀರಿಕೊಂಡವ್ರ ನೆನಪು ತರೋ ಹಾಡಿಂದ ಅಳು ಬಂದ್ರೆ ಬೇರೆ ಹಾಡಿಗೆ ಹೋಗೋದೋ ನಿಲ್ಲಿಸೋದೋ ಅವರನ್ನೇ ಕೇಳಿ. ಎಲ್ಲಕ್ಕಿಂತ ಮುಖ್ಯ, ಕಮ್ಮಿ ಆಗ್ತಾ ಬಂದಿದ್ದ ನೋವು ಇದ್ದಕ್ಕಿದ್ದ ಹಾಗೆ ಏರಿದ್ರೆ, ಜ್ವರ ಬಂದ್ರೆ, ಹೊಲಿಗೆ ಹತ್ರ ಕೆಂಪಾಗಿ ಕೀವು ಕಂಡ್ರೆ, ಒಂದು ಕಾಲಿನ ಮೀನಖಂಡ ಊದಿಕೊಂಡು ನೋಯ್ತಿದ್ರೆ, ಉಸಿರಾಡೋಕೆ ಕಷ್ಟ ಆದ್ರೆ, ಹಾಡು ನಿಲ್ಲಿಸಿ ಮೊದ್ಲು ಡಾಕ್ಟರಿಗೆ ಹೇಳಿ. ಆ ನೋವು ಏನೋ ತೊಂದರೆ ಆಗಿದೆ ಅಂತ ದೇಹ ಹೇಳ್ತಿರೋದು, ಅದನ್ನ ಮರೆಸೋಕೆ ಹೋಗ್ಬಾರ್ದು. ಹಾಗೇ, ಹಾಡು ಕೇಳಿ ಹಾಯ್ ಅನ್ಸಿದೆ ಅಂತ ಬರೆದುಕೊಟ್ಟಿರೋ ಮಾತ್ರೆನ ನಿಮಗೆ ನೀವೇ ಬಿಡ್ಬೇಡಿ, ಡೋಸ್ ಇಳಿಸೋದು ಡಾಕ್ಟರ್ ಕೆಲ್ಸ.

ಆಪರೇಷನ್ ದಿನ ಗೊತ್ತಾದ್ಮೇಲೆ ಬ್ಯಾಗ್ ತುಂಬ್ಸೋವಾಗ್ಲೇ ಇದಕ್ಕೂ ತಯಾರಿ ಮಾಡ್ಕೊಳ್ಳಿ. ನೆಟ್ ಇಲ್ದೆ ಇದ್ರೂ ಓಡೋ ಹಾಗೆ ಹಾಡುಗಳನ್ನ ಫೋನಲ್ಲಿ ಇಳಿಸಿಟ್ಕೊಳ್ಳಿ, ನಡುವೆ ಜಾಹೀರಾತು ಕಿರುಚದ ಹಾಗಿರ್ಲಿ, ಮನಸ್ಸು ಚಡಪಡಿಸೋವಾಗ ಕೇಳೋದು ಒಂದು ಪಟ್ಟಿ, ನಿದ್ದೆಗೆ ಇನ್ನೊಂದು ಪಟ್ಟಿ ಮಾಡಿ, ಮನೆಯಲ್ಲೇ ಒಂದೆರಡು ರಾತ್ರಿ ಅದನ್ನ ಕೇಳ್ತಾ ಮಲಗಿ, ಪರಿಚಯ ಆದ ಸಂಗೀತಕ್ಕೆ ದೇಹ ಬೇಗ ಒಗ್ಗುತ್ತೆ. ಅನಸ್ತೇಶಿಯಾ ಡಾಕ್ಟರ್ ಮುಂಚೆ ಬಂದು ಅಲರ್ಜಿ, ಹಳೇ ಕಾಯಿಲೆ ಎಲ್ಲಾ ವಿಚಾರಿಸ್ತಾರಲ್ಲ, ಆಗ್ಲೇ ಕೇಳಿ, ಥಿಯೇಟರ್ ಒಳಗೆ ಹೆಡ್‌ಫೋನ್ ಹಾಕ್ಕೋಬಹುದಾ, ಎಚ್ಚರ ಆಗೋ ರೂಮಲ್ಲಿ ಫೋನ್ ಕೊಡ್ತೀರಾ ಅಂತ. ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿ ಎಚ್ಚರದಲ್ಲೇ ಆಪರೇಷನ್ ಮಾಡೋದಾದ್ರೆ ಇದನ್ನ ಖಂಡಿತ ಕೇಳಿ, ಒಳಗಿನ ಸಲಕರಣೆಗಳ ಸದ್ದು ಕಿವಿಗೆ ಬೀಳದೆ ಇರೋದೇ ಎಷ್ಟೋ ಜನಕ್ಕೆ ದೊಡ್ಡ ನೆಮ್ಮದಿ.